ಹಿಂದಿನ ಎರಡು ಚಕ್ರಗಳು

2022ರ ಮಳೆಗಾಲಕ್ಕೆ ಇನ್ನೂ ಮೂರು ವಾರಗಳಿದ್ದ ಒಂದು ಬೆಳಿಗ್ಗೆ, ಅಮ್ಮನನ್ನು ಚಿಕಿತ್ಸೆಗೆ ಕರೆದೊಯ್ಯಲೆಂದು ಕಾರನ್ನು ಹೊರತೆಗೆಯುತ್ತಿದ್ದಾಗ, ಹಿಂಬದಿಯ ಎಡ ಚಕ್ರದಲ್ಲಿ ಗಾಳಿ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. 42 ಪಿಎಸ್‌ಐ ಇರಬೇಕಾದ ಕಡೆ 31 ಇತ್ತು. ನನ್ನ ವಿದ್ಯುತ್ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಅದರ ಬದಲಿಗೆ ಒಂದು ಸಣ್ಣ ಪಂಪು ಮತ್ತು ತೂತನ್ನು ಒಳಗಿನಿಂದ ಮುಚ್ಚುವ ಅಂಟುದ್ರಾವಣದ ಒಂದು ಸೀಸೆಯನ್ನು ಕೊಟ್ಟಿದ್ದಾರೆ. ದ್ರಾವಣ ಸುರಿದರೆ ಟೈರಿನ ಒಳಗೆ ಸದ್ದು ತಗ್ಗಿಸಲು ಅಂಟಿಸಿರುವ ಸ್ಪಂಜಿನ ಪಟ್ಟಿಗೆ ಅದು ಮೆತ್ತಿಕೊಂಡು, ಆಮೇಲೆ ರಿಪೇರಿಗೆ ತೊಡಕಾಗುತ್ತದೆ ಎಂದು ಕೇಳಿದ್ದೆ. ಆದ್ದರಿಂದ ಬರೀ ಗಾಳಿ ತುಂಬಿಸಿ, ಅಮ್ಮನನ್ನು ಬಾಡಿಗೆ ಕಾರಿನಲ್ಲಿ ಕಳುಹಿಸಿ, ನಾನು ನಿಧಾನವಾಗಿ ಟೈರ್ ಅಂಗಡಿಯ ಕಡೆ ಹೊರಟೆ.

ಅಂಗಡಿಯ ಹಿರಿಯ ಕೆಲಸಗಾರರು ಚಕ್ರವನ್ನು ಬಿಚ್ಚಿ, ನೀರು ಸವರಿ, ಗುಳ್ಳೆ ಏಳುತ್ತಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಗಾಡಿಯ ಪಟ್ಟಿಯ, ಹೊರ ಅಂಚಿನಲ್ಲಿ, ಪಕ್ಕದ ಗೋಡೆಯಾದ ಸೈಡ್‌ವಾಲ್ ಶುರುವಾಗುವ ತಿರುವಿನಲ್ಲಿ ಒಂದು ಸ್ಕ್ರೂ ಹೊಕ್ಕಿತ್ತು. "ಮೇಡಂ, ಇದು ನಡುವೆ ಚುಚ್ಚಿದ್ದರೆ ಆ ಸ್ಪಂಜನ್ನು ಅಷ್ಟು ಜಾಗದಲ್ಲಿ ಕತ್ತರಿಸಿ ತೆಗೆದು, ಒಳಗಿನಿಂದ ಪ್ಯಾಚ್ ಹಾಕಿ ಕೊಡುತ್ತಿದ್ದೆ. ಅಂಚಿನಲ್ಲಿ ಹಾಕಿದ ಪ್ಯಾಚು ನಿಲ್ಲುವುದಿಲ್ಲ. ನಾನು ಹಾಕುವುದೂ ಇಲ್ಲ" ಎಂದರು. ಚಕ್ರ ಒಂದೊಂದು ಸುತ್ತು ಬರುವಾಗಲೂ ಟೈರಿನ ಆ ಭಾಗ ಮಡಿಚಿ ಬಿಚ್ಚಿಕೊಳ್ಳುತ್ತದೆ. ಅಲ್ಲಿನ ರಿಪೇರಿ ಎಷ್ಟೇ ಚೆನ್ನಾಗಿದ್ದರೂ ಎಂದು ಕೈಕೊಡುತ್ತದೆ ಎಂದು ಹೇಳಲಾಗದು. ಕೆಲಸ ಕೈಬಿಟ್ಟು ಹೋಗುತ್ತಿದ್ದರೂ ಆ ಮಾತನ್ನು ಅಷ್ಟು ಖಚಿತವಾಗಿ ಹೇಳಿದವರ ಬಗ್ಗೆ ನನಗೆ ಆಗಲೇ ವಿಶ್ವಾಸ ಮೂಡಿತು.

ಅವರು ಗೇಜ್ ಇಟ್ಟು ನಾಲ್ಕೂ ಟೈರುಗಳನ್ನು ಅಳೆದರು. ಹೊಸದರಲ್ಲಿ ಸುಮಾರು 8 ಮಿಲಿಮೀಟರ್ ಆಳವಿರುವ ಟ್ರೆಡ್ ಹಿಂದಿನ ಎರಡರಲ್ಲಿ ಕೇವಲ 2.5ಕ್ಕೆ ಇಳಿದಿತ್ತು; ಮುಂದಿನ ಎರಡರಲ್ಲಿ ಇನ್ನೂ 4.6 ಉಳಿದಿತ್ತು. ಹಲವು ದೇಶಗಳ ಕಾನೂನು 1.6 ಮಿಲಿಮೀಟರಿನವರೆಗೆ ಓಡಿಸಲು ಬಿಡುತ್ತದೆ. ಆದರೆ ನಿಂತ ನೀರನ್ನು ಹೊರದೂಡುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಕುಗ್ಗಿರುತ್ತದೆ. ನನ್ನ ಕಾರಿನ ಮೋಟಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಕಾಲು ಒತ್ತಿದ ಕೂಡಲೇ ಪೂರ್ತಿ ತಿರುಚುಬಲ ಬೀಳುವುದು ಆ ಎರಡರ ಮೇಲೆ, ಕಾಲು ತೆಗೆದಾಗ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತ ವೇಗ ತಗ್ಗಿಸುವುದೂ ಆ ಎರಡೇ. ನಾಲ್ಕೂ ಒಂದೇ ಅಳತೆಯವಾದ್ದರಿಂದ 10,000 ಕಿಲೋಮೀಟರಿಗೊಮ್ಮೆ ಹಿಂದಿನವನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಬದಲಿಸಿದ್ದರೆ ಈ ಸವೆತ ನಾಲ್ಕಕ್ಕೂ ಹಂಚಿಹೋಗುತ್ತಿತ್ತು. 28,000 ಕಿಲೋಮೀಟರಿನಲ್ಲಿ ನಾನು ಒಮ್ಮೆಯೂ ಅದನ್ನು ಮಾಡಿಸಿರಲಿಲ್ಲ. ಅದು ನನ್ನದೇ ತಪ್ಪು.

ಬೇರೆ ಯಾವ ವರ್ಷವಾದರೂ ಕಾರಿನೊಂದಿಗೆ ಬಂದಿದ್ದ ಟೈರನ್ನೇ ತರಿಸಿಕೊಂಡು ಸಂಜೆಯೊಳಗೆ ಮನೆಗೆ ಮರಳುತ್ತಿದ್ದೆ. ಆ ವರ್ಷ ಹಾಗಿರಲಿಲ್ಲ. ಅಂಗಡಿಯವರು ಮೂರು ಕಡೆ ಫೋನು ಮಾಡಿದರು, ನಾನು ಐದು ಕಡೆ ಮಾಡಿದೆ. ಎಲ್ಲ ಕಡೆಯಿಂದಲೂ ಬಂದ ಉತ್ತರ ಒಂಬತ್ತು ವಾರ, ಅದೂ ಭರವಸೆಯಿಲ್ಲ. ಕಾರಣಗಳನ್ನು ಅಂದು ಅಲ್ಲಿಯೇ ಕುಳಿತು ಕೇಳಿಸಿಕೊಂಡೆ, ಆಮೇಲೆ ಓದಿಯೂ ತಿಳಿದುಕೊಂಡೆ. ಕೋವಿಡ್ ಕಾಲದಲ್ಲಿ ನಿಂತ ಕಾರ್ಖಾನೆಗಳು, ಬಂದರುಗಳಲ್ಲಿ ಸಾಲುಗಟ್ಟಿದ ಹಡಗುಗಳು, ಸಿಗದ ಕಂಟೇನರುಗಳು, 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡದ್ದು, ಇವೆಲ್ಲ ಒಂದರ ಮೇಲೊಂದು ಬಂದಿದ್ದವು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ, ರಬ್ಬರಿಗೆ ಗಟ್ಟಿತನವನ್ನೂ ಕಪ್ಪು ಬಣ್ಣವನ್ನೂ ಕೊಡುವ ಕಾರ್ಬನ್ ಬ್ಲ್ಯಾಕ್ ಪುಡಿಯ ಸರಬರಾಜೂ ಏರುಪೇರಾಯಿತು, ಏಕೆಂದರೆ ಯುರೋಪಿನ ಟೈರ್ ಕಾರ್ಖಾನೆಗಳು ಅದರ ದೊಡ್ಡ ಪಾಲನ್ನು ರಷ್ಯಾದ ಕಡೆಯಿಂದ ಕೊಳ್ಳುತ್ತಿದ್ದವು. ನೈಸರ್ಗಿಕ ರಬ್ಬರಿನದು ಬೇರೆಯದೇ ಕತೆ. ರಬ್ಬರ್ ಗಿಡ ನೆಟ್ಟು ಹಾಲು ಇಳಿಸಲು ಆರೇಳು ವರ್ಷ ಬೇಕು; ಇಂದು ಬೇಡಿಕೆ ಏರಿತೆಂದು ನಾಳೆ ಹಾಲು ಹೆಚ್ಚಿಗೆ ಸುರಿಯುವುದಿಲ್ಲ. ಇಷ್ಟರ ಮೇಲೆ ವಿದ್ಯುತ್ ಕಾರುಗಳಿಗೆಂದೇ ಮಾಡಿದ ಟೈರುಗಳನ್ನು ಆಗ ತಯಾರಿಸುತ್ತಿದ್ದವರು ಕೆಲವರೇ, ಅವರು ಹೊಸ ಕಾರುಗಳ ಕಾರ್ಖಾನೆಗೆ ಕೊಟ್ಟು ಉಳಿದದ್ದು ಮಾತ್ರ ನಮ್ಮಂಥವರಿಗೆ ಬರಬೇಕಿತ್ತು.

ಮೂಲ ಟೈರಿನ ಒಂದು ಜೋಡಿಗೆ ಹೆಸರು ಬರೆಸಿಟ್ಟೆ, ಆದರೆ ಒಂಬತ್ತು ವಾರ ಕಾಯುವುದು ಸಾಧ್ಯವಿರಲಿಲ್ಲ. ಸಿಗುವುದರಲ್ಲಿ ಆರಿಸಬೇಕಿತ್ತು. ಹಾಗಿದ್ದರೆ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಟ್ಟುಕೊಡಬಾರದು ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಬೇಕೆಂದು ಕಾರಿನ ಕೈಪಿಡಿಯನ್ನು ತೆರೆದು ಅಂಗಡಿಯ ಬೆಂಚಿನ ಮೇಲೆ ಕುಳಿತೆ. ನನ್ನ ಟೈರಿನ ಮೇಲೆ 235/45ಆರ್18 98ಡಬ್ಲ್ಯೂ ಎಂದಿತ್ತು. ಮೊದಲ ಮೂರು ಸಂಖ್ಯೆಗಳು ಅಗಲ, ಎತ್ತರದ ಅನುಪಾತ ಮತ್ತು ರಿಮ್ಮಿನ ಅಳತೆ ಎಂಬುದು ಎಷ್ಟೋ ಜನರಿಗೆ ಗೊತ್ತು. ಕೊನೆಯ ಅಕ್ಷರ ವೇಗದ ಮಿತಿ. ಅದರ ಹಿಂದಿನ 98 ಎಂಬುದೇ ವಿದ್ಯುತ್ ಕಾರಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನನಗೆ ಅಂದು ಮನವರಿಕೆಯಾಯಿತು. ಅದು ಒಂದು ಟೈರು ಹೊರಬಲ್ಲ ಭಾರದ ಸೂಚಿ. 98 ಎಂದರೆ 750 ಕಿಲೋ, 94 ಎಂದರೆ 670 ಕಿಲೋ.

ಅಂಗಡಿಯಲ್ಲಿ ಅದೇ ಅಳತೆಯ, ಹೆಸರುವಾಸಿ ಕಂಪನಿಯೊಂದರ ಟೈರುಗಳು ಎದುರಿಗೇ ಇದ್ದವು, ಆದರೆ ಅವುಗಳ ಸೂಚಿ 94. "ಬಹಳ ಜನ ಇದನ್ನೇ ಹಾಕಿಸಿಕೊಂಡು ಹೋಗುತ್ತಾರೆ" ಎಂದು ಅಲ್ಲಿದ್ದ ಹುಡುಗ ಹೇಳಿದ. ಪೆಟ್ರೋಲ್ ಕಾರಿಗೆ ಅದು ಸರಿಯಿರಬಹುದು. ನಾನು ಬಾಗಿಲ ಕಂಬದ ಮೇಲಿನ ಫಲಕ ನೋಡಿ ಬಂದೆ: ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಮೇಲೆ ಬೀಳಬಹುದಾದ ಗರಿಷ್ಠ ಭಾರ 1,360 ಕಿಲೋ, ಅಂದರೆ ಒಂದೊಂದು ಚಕ್ರಕ್ಕೆ 680. ಅಮ್ಮ, ಅವರ ಗಾಲಿಕುರ್ಚಿ, ಜೊತೆಗೆ ಇನ್ನಿಬ್ಬರು ಕುಳಿತ ದಿನ ಆ ಟೈರು ತನ್ನ ಶಕ್ತಿಗೆ ಮೀರಿದ್ದನ್ನು ಹೊರಬೇಕಾಗುತ್ತಿತ್ತು. ನೆಲದಡಿಯಲ್ಲಿ ಹಾಸಿರುವ ಬ್ಯಾಟರಿಯ ನೂರಾರು ಕಿಲೋ ತೂಕ ಕಣ್ಣಿಗೆ ಕಾಣುವುದಿಲ್ಲ. ಕಾರು ನೋಡಲು ಅದೇ ಗಾತ್ರದ ಪೆಟ್ರೋಲ್ ಕಾರಿನಂತೆಯೇ ಇರುತ್ತದೆ. ಕೊರತೆಯ ಕಾಲದಲ್ಲಿ "ಅಳತೆ ಸರಿಯಿದೆಯಲ್ಲ" ಎಂದು ಒಪ್ಪಿಕೊಳ್ಳುವುದು ಬಹಳ ಸುಲಭ. ಅಳತೆ ಸರಿಯಿದ್ದು ಭಾರದ ಸೂಚಿ ಕಡಿಮೆಯಿರುವ ಟೈರು ಕೂರಿಸುವಾಗ ಏನೂ ತಕರಾರು ಮಾಡದೆ ಕೂರುತ್ತದೆ, ಅದೇ ಅಪಾಯ.

ಇನ್ನೆರಡು ಸಲಹೆಗಳೂ ಬಂದವು. 225/45ಆರ್18 ಹಾಕಿದರೆ ಸೂಚಿ 95ರದ್ದು ಸಿಗುತ್ತಿತ್ತು, ಅಂದರೆ 690 ಕಿಲೋ. ಲೆಕ್ಕಕ್ಕೆ 10 ಕಿಲೋ ಉಳಿಯುತ್ತದೆ, ಆದರೆ ತಯಾರಕರು 98 ಕೇಳಿರುವಾಗ ಅಷ್ಟು ಅಂಚಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. 245/45ಆರ್18ರಲ್ಲಿ ಭಾರದ ತೊಂದರೆಯೇ ಇರಲಿಲ್ಲ, ಒಟ್ಟು ವ್ಯಾಸ 669 ಮಿಲಿಮೀಟರಿನಿಂದ 678ಕ್ಕೆ ಏರುತ್ತಿತ್ತು ಅಷ್ಟೇ. ಆದರೆ ಕೈಪಿಡಿಯ ಪಟ್ಟಿಯಲ್ಲಿ ಆ ಅಳತೆ ಇರಲಿಲ್ಲ. ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಒಂದು ಗೋದಾಮಿನಲ್ಲಿ ಬೇರೆ ಕಂಪನಿಯ, ನಮ್ಮದೇ ಅಳತೆಯ, ಸೂಚಿ 98 ಇರುವ ನಾಲ್ಕು ಟೈರುಗಳಿವೆ ಎಂಬ ಸುದ್ದಿ ಬಂತು. ಅದು ವಿದ್ಯುತ್ ಕಾರಿಗೆಂದು ಮಾಡಿದ್ದಲ್ಲ, ಒಳಗೆ ಸ್ಪಂಜಿಲ್ಲ. 2021ರ ಮೇ ತಿಂಗಳಿನಿಂದ ಜಾರಿಗೆ ಬಂದ ಯುರೋಪಿನ ಹೊಸ ಲೇಬಲ್ಲಿನ ಪ್ರಕಾರ ಒದ್ದೆ ರಸ್ತೆಯ ಹಿಡಿತದಲ್ಲಿ ಅದಕ್ಕೆ ಎ ದರ್ಜೆ, ಉರುಳುವಾಗಿನ ತಡೆಯಲ್ಲಿ ಸಿ ದರ್ಜೆ. ಹಳೆಯದು ಇದಕ್ಕೆ ತದ್ವಿರುದ್ಧ, ಹಿಡಿತದಲ್ಲಿ ಬಿ, ಉರುಳುತಡೆಯಲ್ಲಿ ಎ. ಉರುಳುತಡೆ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಖರ್ಚಾಗುತ್ತದೆ. ಅದರಲ್ಲಿ ಎ ದರ್ಜೆಯ ಮಿತಿ ಒಂದು ಟನ್ ಭಾರಕ್ಕೆ 6.5 ಕಿಲೋ ಬಲ, ಸಿ ದರ್ಜೆಯದು 9. ಜನರೂ ಸೇರಿ 1.9 ಟನ್ ತೂಗುವ ಕಾರಿಗೆ ಆ ವ್ಯತ್ಯಾಸ ಸುಮಾರು 4.75 ಕಿಲೋ ಬಲವಾಗುತ್ತದೆ. ಮೋಟಾರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಕಿಲೋಮೀಟರಿಗೆ 14 ವಾಟ್-ಅವರ್ ವಿದ್ಯುತ್ ಹೆಚ್ಚು ಬೇಕು. ಎರಡೇ ಟೈರು ಬದಲಿಸಿದರೆ ಅದರ ಅರ್ಧ. ನಮ್ಮ ಚಿಕಿತ್ಸಾಲಯ ಹೋಗಿಬರುವ ದಾರಿ 76 ಕಿಲೋಮೀಟರು, ಬ್ಯಾಟರಿ 400ರವರೆಗೆ ಓಡುತ್ತದೆ. ಕೆಲವು ಕಿಲೋಮೀಟರುಗಳ ವ್ಯಾಪ್ತಿಯನ್ನು ಕೊಟ್ಟು ಮಳೆಯಲ್ಲಿ ಕೆಲವು ಮೀಟರು ಮೊದಲೇ ನಿಲ್ಲುವ ಕಾರನ್ನು ಪಡೆಯುವುದಾದರೆ, ಹಿಂದಿನ ಸೀಟಿನಲ್ಲಿ ಅಮ್ಮ ಕುಳಿತಿರುವಾಗ, ನನಗೆ ಅದು ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ.

ಸಂಜೆ ಟೈರುಗಳು ಬಂದವು. ಸೈಡ್‌ವಾಲಿನ ಮೇಲೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕಂಕಿಯ ಗುರುತಿರುತ್ತದೆ. ಎರಡರ ಮೇಲೆ 4821 ಎಂದಿತ್ತು, 2021ರ 48ನೆಯ ವಾರ. ಇನ್ನೆರಡರ ಮೇಲೆ 3118. ಸುಮಾರು ನಾಲ್ಕು ವರ್ಷ ಗೋದಾಮಿನಲ್ಲಿದ್ದ ರಬ್ಬರು. ಮಾಲು ಇಲ್ಲದ ಕಾಲದಲ್ಲಿ ಮೂಲೆಯಲ್ಲಿ ಉಳಿದದ್ದೆಲ್ಲ ಹೊರಗೆ ಬರುತ್ತದೆ. ಹೊಸ ಟೈರಿನ ಮೇಲೂ ದಿನಾಂಕವನ್ನು ಓದಲೇಬೇಕು. ನಾನು ಹೇಳುವ ಮೊದಲೇ ಆ ಹಿರಿಯರು ಹಳೆಯ ಎರಡನ್ನು ಪಕ್ಕಕ್ಕೆ ಉರುಳಿಸಿ, "ಇವು ಬೇಡ ಮೇಡಂ, ವಾಪಸ್ ಕಳಿಸುತ್ತೇನೆ. ಬೇರೆ ಎರಡು ನಾಳೆ ಬರಬಹುದು. ನಾಲ್ಕೂ ನೀವೇ ತೆಗೆದುಕೊಳ್ಳುತ್ತೀರಾ? ಇದೇ ಅಳತೆಗೆ ಇನ್ನೊಬ್ಬರು ಮೂರು ದಿನದಿಂದ ಕಾಯುತ್ತಿದ್ದಾರೆ, ಅವರ ಕಾರು ನಿಂತೇ ಬಿಟ್ಟಿದೆ" ಎಂದರು.

ನಾಲ್ಕೂ ಒಂದೇ ಆಗಿರುವುದು ಒಳ್ಳೆಯದೆಂದು ನನಗೆ ಗೊತ್ತಿತ್ತು. ಆದರೆ ಒಂದು ಆಕ್ಸಲ್ಲಿನ ಎರಡು ಟೈರುಗಳು ಒಂದೇ ಮಾದರಿಯವಾಗಿರುವುದು ಕಡ್ಡಾಯ, ಮುಂದೆ ಹಿಂದೆ ಬೇರೆಯಾಗಿದ್ದರೆ ನನ್ನ ಕಾರಿನ ಕೈಪಿಡಿ ಅದನ್ನು ನಿಷೇಧಿಸಿರಲಿಲ್ಲ. ಮುಂದಿನವು 4.6 ಮಿಲಿಮೀಟರಿನಲ್ಲಿ ಇನ್ನೂ ಚೆನ್ನಾಗಿದ್ದವು. ಎರಡನ್ನೇ ಕೊಳ್ಳುವುದಾದರೆ ಅವು ಹಿಂದೆಯೇ ಇರಬೇಕೆಂಬುದರಲ್ಲೂ ಅನುಮಾನವಿರಲಿಲ್ಲ, ಏಕೆಂದರೆ ನೀರಿನ ಮೇಲೆ ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಸ್ಟಿಯರಿಂಗ್ ಹಿಡಿದವರಿಗೆ ಅದನ್ನು ಸರಿಪಡಿಸಲು ಸಮಯವೇ ಸಿಗುವುದಿಲ್ಲ. ನನಗೆ ಎರಡು ಸಾಕು ಎಂದೆ. ಮಾರನೆಯ ದಿನ ಬರುವ ಎರಡು ಆ ಇನ್ನೊಬ್ಬರಿಗೆ ಹೋಗಲಿ ಎಂದು ಚೀಟಿಯಲ್ಲಿ ಬರೆಸಿದೆ.

ಕಾರನ್ನು ಎತ್ತುವ ಮುನ್ನ, ಜಾಕ್ ಇಡುವ ನಾಲ್ಕು ಜಾಗಗಳನ್ನು ಕೈಪಿಡಿಯ ಚಿತ್ರ ಹಿಡಿದು ಒಟ್ಟಿಗೆ ನೋಡಿದೆವು. ಬ್ಯಾಟರಿಯ ತಳಕ್ಕೆ ಜಾಕ್ ತಾಗಿದರೆ ಆಗುವ ಹಾನಿ ಟೈರಿನ ಖರ್ಚಿನೊಡನೆ ಹೋಲಿಸುವಂಥದ್ದಲ್ಲ. ಹಾಗಾಗಿ ನನ್ನಲ್ಲಿದ್ದ ರಬ್ಬರಿನ ಬಿಲ್ಲೆಗಳನ್ನು ಆ ರಂಧ್ರಗಳಿಗೆ ಕೂರಿಸಿಯೇ ಎತ್ತಿದರು. ನಟ್ಟುಗಳನ್ನು ಗಾಳಿಗನ್ನಿನಿಂದ ಬಿಗಿದು ಬಿಡದೆ, ಟಾರ್ಕ್ ರೆಂಚ್ ಹಿಡಿದು ಕೈಪಿಡಿಯಲ್ಲಿದ್ದ ಅಂಕಿಗೆ ತಂದು ನಿಲ್ಲಿಸಿದರು. ಹಳೆಯ ಟೈರುಗಳ ಒಳ ಅಂಚು ಸ್ವಲ್ಪ ಹೆಚ್ಚು ಸವೆದಿದ್ದರಿಂದ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟನ್ನೂ ಮಾಡಿಸಿದೆ.

ಮೊದಲ ವಾರ ಅದೇ ದಾರಿಯಲ್ಲಿ, ಪರದೆ ತೋರಿಸುವ ಬಳಕೆ ಕಿಲೋಮೀಟರಿಗೆ 148 ವಾಟ್-ಅವರಿನಿಂದ 159ಕ್ಕೆ ಏರಿತು. ಲೆಕ್ಕ ಹಾಕಿದ್ದಕ್ಕಿಂತ ಇದು ಹೆಚ್ಚು. ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು: ನಾನು ಹೊಸ ಟೈರನ್ನು ಸವೆದ ಟೈರಿನೊಡನೆ ಹೋಲಿಸುತ್ತಿದ್ದೆ. ಸವೆದ ಟೈರಿನ ವ್ಯಾಸ ಹೊಸದಕ್ಕಿಂತ 11 ಮಿಲಿಮೀಟರ್ ಕಡಿಮೆ. ಅಷ್ಟೇ ದೂರಕ್ಕೆ ಅದು ಹೆಚ್ಚು ಸುತ್ತು ತಿರುಗುವುದರಿಂದ ಕಾರು ನಿಜಕ್ಕಿಂತ ಸುಮಾರು ಶೇ. 1.7ರಷ್ಟು ಹೆಚ್ಚು ದೂರ ಕ್ರಮಿಸಿದೆ ಎಂದು ಎಣಿಸುತ್ತಿತ್ತು, ಹೀಗಾಗಿ ಬಳಕೆ ಕಡಿಮೆಯಾಗಿ ಕಾಣುತ್ತಿತ್ತು. ಜೊತೆಗೆ ದಪ್ಪ ಟ್ರೆಡ್ ಹೆಚ್ಚು ಅದುಮಿಕೊಳ್ಳುವುದರಿಂದ ಯಾವುದೇ ಹೊಸ ಟೈರು ತನ್ನದೇ ಸವೆದ ಜೋಡಿಗಿಂತ ಹೆಚ್ಚು ವಿದ್ಯುತ್ ಕೇಳುತ್ತದೆ. ಮೂಲ ಟೈರನ್ನೇ ಹಾಕಿಸಿದ್ದರೂ 148 ಮರಳಿ ಬರುತ್ತಿರಲಿಲ್ಲ.

ಸದ್ದು ಮಾತ್ರ ನಿಜವಾಗಿಯೂ ಬದಲಾಗಿತ್ತು. ಒರಟು ಡಾಂಬರಿನ ಮೇಲೆ ಹಿಂದಿನಿಂದ ಖಾಲಿ ಕೊಡ ಮೊರೆದಂಥ ಒಂದು ಗುಂಯ್‌ಗುಟ್ಟುವಿಕೆ. ಟೈರಿನೊಳಗಿನ ಗಾಳಿ ಅನುರಣಿಸುವ ಸದ್ದು ಅದು, ಸ್ಪಂಜು ನುಂಗುತ್ತಿದ್ದದ್ದು ಅದನ್ನೇ. "ಏನೇ, ಕಾರಿನ ಸದ್ದು ಬೇರೆ ಆಯ್ತಲ್ಲ" ಎಂದು ಅಮ್ಮ ಮೊದಲ ದಿನವೇ ಕೇಳಿದರು. ಮೂರನೆಯ ವಾರ ಮೊದಲ ದೊಡ್ಡ ಮಳೆ ಬಂತು. ಸೇತುವೆಯ ಇಳಿಜಾರಿನಲ್ಲಿ ನಿಂತ ನೀರನ್ನು ಕಾರು ಅಲುಗದೆ ದಾಟಿದಾಗ ಅವರು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು.

ಒಂಬತ್ತು ವಾರ ಹನ್ನೊಂದಾಗಿ, ಮೂಲ ಮಾದರಿಯ ಸ್ಪಂಜಿನ ಟೈರುಗಳು ಬಂದಿವೆ ಎಂದು ಅಂಗಡಿಯಿಂದ ಕರೆ ಬಂದಾಗ ಮುಂದಿನ ಚಕ್ರಗಳನ್ನು ಗೇಜಿನಿಂದ ಅಳೆದೆ. 4.1 ಮಿಲಿಮೀಟರ್ ಇತ್ತು. ನನ್ನ ಹೆಸರಿನಲ್ಲಿರುವ ಜೋಡಿಯನ್ನು ಪಟ್ಟಿಯಲ್ಲಿ ಮುಂದಿರುವವರಿಗೆ ಕೊಟ್ಟುಬಿಡಿ, ಮುಂದಿನವು 3ಕ್ಕೆ ಇಳಿದಾಗ ಹಿಂದೆ ಹಾಕಿಸಿದ ಮಾದರಿಯನ್ನೇ ಮುಂದಕ್ಕೂ ಹಾಕಿಸುತ್ತೇನೆ ಎಂದೆ. "ಅದಕ್ಕೂ ಈಗಲೇ ಹೆಸರು ಬರೆಸಿಡಿ ಮೇಡಂ, ಅದೂ ಆರು ವಾರ" ಎಂದರು ಆ ಹಿರಿಯರು. ಬರೆಸಿದೆ.