ಎಫ್-22 ಗೆಲ್ಲುತ್ತಾ, ಸುಖೋಯ್ ಗೆಲ್ಲುತ್ತಾ?

"ಮಾಮಾ, ಅಮೆರಿಕಾದ ಎಫ್-22 ಯುದ್ಧವಿಮಾನ ಮತ್ತ ನಮ್ಮ ಸುಖೋಯ್ ಎದುರಾಬದುರಾ ಬಂದ್ರ ಯಾರ್ ಗೆಲ್ತಾರ?" ಅಂತ ಅಕ್ಕನ ಮಗ ಕೇಳಿದ. ಅಗ್ನಿವೀರ್ ವಾಯು ಪರೀಕ್ಷೆಗೆ ಓದುತ್ತಿರುವ ಹುಡುಗ. ಬೆಳಗಾವಿಯಲ್ಲಿ ಇಂಥವರು ಓಣಿಗೊಬ್ಬರು ಸಿಗುತ್ತಾರೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆಯಲ್ಲ. ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ. ಬದಲಿಗೆ ನಾನೇ ಕೇಳಿದೆ, ಎಫ್-22 ಆಕಾಶದಲ್ಲಿ ಮೊದಲು ಹೊಡೆದು ಉರುಳಿಸಿದ್ದು ಏನು ಗೊತ್ತಾ? ಚೀನಾದ ಒಂದು ಬಲೂನು! ಸೇವೆಗೆ ಸೇರಿದ್ದು 2005ರಲ್ಲಿ, ಬಲೂನು ಹೊಡೆದದ್ದು 2023ರ ಫೆಬ್ರವರಿಯಲ್ಲಿ.

ಅವನು ನಕ್ಕ. ಆದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಎಫ್-22 ಥರ ಆಕಾಶದ ಕಾಳಗಕ್ಕಂತಲೇ ಮಾಡಿದ ಫೈಟರ್‌ನ ಕೆಲಸವೇ ಬೇರೆ. ಎದುರಾಳಿ ಮೇಲೇರಲು ಹಿಂದೆಮುಂದೆ ನೋಡಬೇಕು, ಅಷ್ಟರಲ್ಲಿ ನಮ್ಮ ಬಾಂಬರು, ಹೆಲಿಕಾಪ್ಟರು, ಸರಕು ವಿಮಾನ, ಕೆಳಗಿರುವ ಸೈನ್ಯ ಎಲ್ಲ ತಮ್ಮ ಕೆಲಸ ಮುಗಿಸಬೇಕು.

1971ರ ಬಾಂಗ್ಲಾ ಯುದ್ಧದಲ್ಲಿ ಪೂರ್ವದ ಕಡೆ ಆದದ್ದು ಇದೇ. ಢಾಕಾದಲ್ಲಿ ಪಾಕಿಸ್ತಾನದ ಹತ್ತಿರ ಇದ್ದದ್ದು ಒಂದೇ ಸ್ಕ್ವಾಡ್ರನ್, ಅಂದ್ರೆ ಒಂದೇ ತಂಡ, ಸೇಬರ್ ಫೈಟರ್ ವಿಮಾನ. ನಮ್ಮ ಮಿಗ್-21ಗಳು ಢಾಕಾದ ತೇಜಗಾಂವ್ ವಿಮಾನ ನಿಲ್ದಾಣದ ರನ್‌ವೇಯನ್ನೇ ಒಡೆದು ಹಾಕಿದವು. ವಿಮಾನ ಇತ್ತು, ಏರೋಕೆ ಜಾಗ ಇರಲಿಲ್ಲ. ಅದಾದ ಮೇಲೆ ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ನಮ್ಮ ಪ್ಯಾರಾಟ್ರೂಪರ್‌ಗಳು ಇಳಿದರು. ನಿಧಾನವಾಗಿ ಹಾರುವ ಸರಕು ವಿಮಾನಗಳಲ್ಲಿ ಜನರನ್ನು ತುಂಬಿಕೊಂಡು ಹೋಗಬೇಕಾದರೆ ಮೇಲೆ ಶತ್ರುವಿನ ಫೈಟರ್ ಇಲ್ಲ ಅನ್ನೋ ಧೈರ್ಯ ಬೇಕು, ಅಲ್ವಾ?

ಕಾರ್ಗಿಲ್‌ನಲ್ಲಿ ಮಿರಾಜ್ ಬಾಂಬ್ ಹಾಕಿದ್ದು ಎಲ್ಲರಿಗೂ ನೆನಪಿದೆ. ಮೇಲೆ ಕಾವಲಿಗಿದ್ದ ಮಿಗ್-29ಗಳ ಸುದ್ದಿ ಯಾರೂ ಎತ್ತುವುದಿಲ್ಲ. ಪಾಕಿಸ್ತಾನದ ಎಫ್-16ಗಳು ತಮ್ಮ ಕಡೆಯಲ್ಲೇ ಉಳಿದವು, ಒಂದು ಕಾಳಗವೂ ಆಗಲಿಲ್ಲ. ಹಾಗಂತ ಆಕಾಶ ಪೂರ್ತಿ ನಿರಾಳ ಇರಲಿಲ್ಲ. 1999ರ ಮೇ 28ರಂದು ಹೆಗಲ ಮೇಲಿಟ್ಟು ಹೊಡೆಯುವ ಕ್ಷಿಪಣಿಗೆ ನಮ್ಮ ಎಂಐ-17 ಹೆಲಿಕಾಪ್ಟರ್ ಬಲಿಯಾಯಿತು. ಉಕ್ರೇನ್‌ನಲ್ಲಿ ಇದೇ ದೊಡ್ಡ ಮಟ್ಟದಲ್ಲಿ ಕಾಣುತ್ತಿದೆ. ನೆಲದ ಕ್ಷಿಪಣಿಗಳಿಗೆ ಹೆದರಿ ಎರಡೂ ಕಡೆಯ ಪೈಲಟ್‌ಗಳು ದೂರ ನಿಂತೇ ಬಾಂಬ್ ಎಸೆಯುತ್ತಾರೆ.

ಇನ್ನು ಕಾಳಗ ನಡೆದರೂ ಸಿನಿಮಾದಲ್ಲಿ ತೋರಿಸುವ ಹಾಗೆ ಒಬ್ಬರ ಬೆನ್ನಿಗೊಬ್ಬರು ಬಿದ್ದು ಗಿರಕಿ ಹೊಡೆಯೋದು ಈಗ ಅಪರೂಪ. ವಿಮಾನದಿಂದ ವಿಮಾನಕ್ಕೆ ಹೊಡೆಯುವ ನಮ್ಮ 'ಅಸ್ತ್ರ' ಕ್ಷಿಪಣಿ 100 ಕಿಲೋಮೀಟರ್ ದೂರದ ಗುರಿಗೆ ಹೊಡೆಯುತ್ತದೆ ಅಂತಾರೆ. ಆದರೆ ಆ ಅಂಕಿ ನಂಬಿ ಕೂರಬೇಡಿ. ಇಂಥ ಕ್ಷಿಪಣಿಯ ಮೋಟರ್ ಕೆಲವೇ ಸೆಕೆಂಡ್ ಉರಿದು ಆರುತ್ತದೆ, ಉಳಿದ ದಾರಿಯೆಲ್ಲ ಸಿಕ್ಕ ವೇಗದಲ್ಲೇ ಸಾಗಬೇಕು. ಎದುರಾಳಿ ತಿರುಗಿ ಓಟ ಕಿತ್ತರೆ ಅರ್ಧ ದಾರಿಯಲ್ಲೇ ಅದರ ಕಸುವು ಮುಗಿಯುತ್ತದೆ. ರಫೇಲ್‌ನ ಮೀಟಿಯರ್ ಕ್ಷಿಪಣಿಗೆ ಅಷ್ಟು ಹೆಸರು ಬಂದದ್ದು ಇದಕ್ಕೇ, ಅದರದ್ದು ರಾಮ್‌ಜೆಟ್ ಎಂಜಿನ್, ಕೊನೆಯ ತನಕ ದಮ್ಮು ಉಳಿಸಿಕೊಳ್ಳುತ್ತದೆ.

ಇನ್ನೊಂದು ಪೇಚು ರೇಡಾರ್. ಅದನ್ನು ಹಚ್ಚಿದ ಕೂಡಲೇ ನೀವು ಎಲ್ಲಿದ್ದೀರಿ ಅಂತ ಎದುರಿನವನಿಗೂ ಸುಳಿವು ಸಿಗುತ್ತದೆ, ಕತ್ತಲ ಹೊಲದಲ್ಲಿ ಬ್ಯಾಟರಿ ಬಿಟ್ಟವನ ಹಾಗೆ. ಹಾಗಾಗಿ ಹಿಂದೆ ದೂರದಲ್ಲಿ ಹಾರುವ ನೇತ್ರಾ ಥರದ ರೇಡಾರ್ ವಿಮಾನ ನೋಡುತ್ತದೆ, ಫೈಟರ್ ತನ್ನ ರೇಡಾರ್ ಆರಿಸಿಕೊಂಡು ಸದ್ದಿಲ್ಲದೆ ಮುಂದೆ ಹೋಗುತ್ತದೆ. ಸುಖೋಯ್ ಒಂದನ್ನೇ ಎಫ್-22 ಮುಂದೆ ನಿಲ್ಲಿಸಿ ತೂಗೋದು ಸುಮ್ನೆ ಅನ್ನೋದು ಅದಕ್ಕೇ.

ಆಕಾಶದ ಕಾಳಗಕ್ಕೇ ಮೀಸಲಾದ ವಿಮಾನ ಇಟ್ಟುಕೊಳ್ಳೋದು ಶ್ರೀಮಂತರ ಶೋಕಿ ಅಂತ ನನಗೆ ಅನ್ನಿಸುತ್ತದೆ. ಎಫ್-15 ಹುಟ್ಟಿದ್ದೇ ಅದಕ್ಕೆ, ಆಮೇಲೆ ಅದಕ್ಕೂ ಬಾಂಬ್ ಹೊರಿಸಿದರು. ಅಮೆರಿಕಾ ಕೂಡ ವಾಯುಪಡೆಗೆ 187 ಎಫ್-22 ಸಾಕು ಅಂತ ಕೈಬಿಟ್ಟಿತು. ನಮ್ಮ ಸುಖೋಯ್-30 ಒಂದು ದಿನ ಕಾವಲು ಕಾಯುತ್ತದೆ, ಇನ್ನೊಂದು ದಿನ ಎರಡೂವರೆ ಟನ್ ತೂಕದ ಬ್ರಹ್ಮೋಸ್ ಕ್ಷಿಪಣಿ ಹೊರುತ್ತದೆ. ಬೇರೆ ದಾರಿಯೂ ಇಲ್ಲ. ನಮಗೆ ಮಂಜೂರಾದದ್ದು 42 ಸ್ಕ್ವಾಡ್ರನ್, 2025ರ ಸೆಪ್ಟೆಂಬರ್ 26ಕ್ಕೆ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಅಷ್ಟರಲ್ಲೇ ಎರಡು ಗಡಿ ಕಾಯಬೇಕು.

ನಮ್ಮಲ್ಲೇ ತಯಾರಾಗುವ ಫೈಟರ್ ತೇಜಸ್ ಬೇಗ ಬರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡ್ಡು ಹಂಚುವ ಅಧಿಕಾರ ನನ್ನ ಕೈಗೆ ಕೊಟ್ಟರೆ ಇನ್ನೊಂದು ದುಬಾರಿ ವಿದೇಶಿ ಫೈಟರ್‌ಗಿಂತ ಮೊದಲು ನೇತ್ರಾ, ಹಾರುತ್ತಲೇ ಇಂಧನ ತುಂಬಿಸುವ ಟ್ಯಾಂಕರ್, ಗೋದಾಮು ತುಂಬ ಅಸ್ತ್ರ ಕ್ಷಿಪಣಿ ತರಿಸುತ್ತೇನೆ. ಅಕ್ಕನ ಮಗ ಇದಕ್ಕೆ ಸುತಾರಾಂ ಒಪ್ಪಲಿಲ್ಲ, ಅವನಿಗೆ ರಫೇಲೇ ಬೇಕಂತೆ.