ಎಷ್ಟು ಜಿಬಿ ಪೆನ್‌ಡ್ರೈವ್ ತಗೊಳ್ಳಲಿ ಸರ್?

ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ವರ್ಷಕ್ಕೆ ಸೇರಿದ ಮಕ್ಕಳು, ಅವರ ಅಪ್ಪಂದಿರು, ಮದುವೆ ಮನೆಯಲ್ಲಿ ಊಟದ ಸಾಲಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುವುದು ಒಂದೇ. "ಮಗಳಿಗೆ ಪೆನ್‌ಡ್ರೈವ್ ಬೇಕಿತ್ತು. ಎಷ್ಟು ಜಿಬಿದು ತಗೊಳ್ಳಲಿ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. 16 ಅಥವಾ 32 ಜಿಬಿ. ಮಾಮೂಲಿ ಅಗಲ ಮೂತಿಯದು. ಫ್ಯಾಟ್32 ಫಾರ್ಮ್ಯಾಟ್, ಅಂದರೆ ಒಳಗೆ ಫೈಲ್ ಜೋಡಿಸಿಡುವ ಒಂದು ಕ್ರಮ. ಒಂದಲ್ಲ, ಎರಡು.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. "ಬರೀ 32 ಸಾಕಾ? ಅಂಗಡಿಯಲ್ಲಿ 256 ಇದೆಯಲ್ಲ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ" ಅನ್ನುತ್ತಾರೆ. ನಾನೇನೋ ಅವರ ಮಗಳಿಗೆ ಕಡಿಮೆ ಮಾಡಿದೆ ಅನ್ನುವ ಹಾಗೆ ಮುಖ ನೋಡುತ್ತಾರೆ. ಮಕ್ಕಳಿಗೆ ಒಳ್ಳೆಯದನ್ನೇ ಕೊಡಿಸಬೇಕು ಎಂಬ ಆಸೆ ನನಗೂ ಅರ್ಥ ಆಗುತ್ತದೆ. ಆದರೆ ಆ ಹುಡುಗಿ ಅದನ್ನು ಯಾವ ಕಂಪ್ಯೂಟರ್‌ಗೆ ಹಾಕುತ್ತಾಳೆ ಎಂದು ಒಬ್ಬರೂ ಹೇಳುವುದಿಲ್ಲ. ಕಾಲಿನ ಅಳತೆ ಹೇಳದೆ ಒಳ್ಳೆ ಚಪ್ಪಲಿ ಕೊಡಿ ಅಂದರೆ ಹೇಗೆ ಕೊಡುವುದು?

ಕೊನೆ ವರ್ಷದ ಬಿಕಾಂ ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಾದ ದಿನ ಅಳುತ್ತಾ ಲ್ಯಾಬಿಗೆ ಬಂದಳು. ಅವಳ ಅಪ್ಪ ಸಾಲದ ಕಂತಿನ ನಡುವೆಯೂ 128 ಜಿಬಿದು ಕೊಡಿಸಿದ್ದರು. ಒಂದು ಕಡೆ ಟೈಪ್-ಸಿ, ಇನ್ನೊಂದು ಕಡೆ ಮಾಮೂಲಿ ಮೂತಿ. ಅಕ್ಕನ ಲ್ಯಾಪ್‌ಟಾಪಿನಲ್ಲಿ ರಿಪೋರ್ಟ್ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದಾಳೆ. ಅಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಪೆನ್‌ಡ್ರೈವ್ ಹಾಕಿದ ತಕ್ಷಣ "ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?" ಅಂತ ಬಂತು. ಅಂಗಡಿ ಹುಡುಗ "ನಿಮ್ ಪೆನ್‌ಡ್ರೈವ್ ಹೋಗಿದೆ ಅಕ್ಕಾ, ಫಾರ್ಮ್ಯಾಟ್ ಹೊಡೀಲಾ?" ಅಂದನಂತೆ. ಅವಳು ಬೇಡ ಅಂದು ಕಿತ್ತುಕೊಂಡು ಓಡಿ ಬಂದಳು. ಎಂಥ ಒಳ್ಳೆ ಕೆಲಸ ಮಾಡಿದಳು! ಫಾರ್ಮ್ಯಾಟ್ ಹೊಡೆದಿದ್ದರೆ ರಿಪೋರ್ಟ್ ಅಳಿಸಿಹೋಗುತ್ತಿತ್ತು. ನಮ್ಮ ವಿಂಡೋಸ್ 7 ಕಂಪ್ಯೂಟರಿಗೆ ಹಾಕಿದೆ. ರಿಪೋರ್ಟ್ ಇದ್ದ ಹಾಗೇ ಇತ್ತು. ಅಲ್ಲೇ ಪ್ರಿಂಟ್ ತೆಗೆದುಕೊಟ್ಟೆ.

ಪೆನ್‌ಡ್ರೈವ್ ಹೋಗಿರಲಿಲ್ಲ. ದೊಡ್ಡ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಅದು ಹುಟ್ಟಿದ್ದು 2006ರಲ್ಲಿ, ಎಕ್ಸ್‌ಪಿ ಬಂದದ್ದು 2001ರಲ್ಲಿ. ಮೈಕ್ರೋಸಾಫ್ಟ್ 2009ರಲ್ಲಿ ಕೊಟ್ಟ ಅಪ್‌ಡೇಟ್ ಹಾಕದಿದ್ದರೆ ಎಕ್ಸ್‌ಪಿ ಅದನ್ನು ಓದುವುದಿಲ್ಲ. ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಕೂಡ, ಹಳೆಯದಾದರೆ, ಬೇರೆ ಪ್ಯಾಕೇಜ್ ಹಾಕದೆ ಓದುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೇ ಎಕ್ಸ್‌ಫ್ಯಾಟ್ ಓದುವ ಶಕ್ತಿ ಸೇರಿದ್ದು 2019ರಲ್ಲಿ. ಫ್ಯಾಟ್32 ಆದರೆ ಎಕ್ಸ್‌ಪಿಯಿಂದ ಹಿಡಿದು ಇವತ್ತಿನ ಕಂಪ್ಯೂಟರ್‌ವರೆಗೆ ಎಲ್ಲವೂ ಓದುತ್ತವೆ. ಆ ಹಳೆ ವಿಂಡೋಸ್‌ಗಳಲ್ಲಿ ಫಾರ್ಮ್ಯಾಟ್ ಮಾಡಲು ಹೋದರೆ ಫ್ಯಾಟ್32 ಸಿಗುವುದು 32 ಜಿಬಿವರೆಗೆ ಮಾತ್ರ. ನಾನು 32 ಅನ್ನುವುದು ಅದಕ್ಕೆ, ಜಿಪುಣತನದಿಂದ ಅಲ್ಲ. ಒಂದೇ ಫೈಲ್ 4 ಜಿಬಿ ದಾಟಿದರೆ ಫ್ಯಾಟ್32ನಲ್ಲಿ ಹಿಡಿಸುವುದಿಲ್ಲ, ನಿಜ. ನಿಮ್ಮ ಮಗಳ ರಿಪೋರ್ಟ್ ಕೆಲವೇ ಎಂಬಿ ಇರುತ್ತದೆ.

ವೇಗದ ಬಗ್ಗೆಯೂ ಕೇಳುತ್ತಾರೆ. ಯುಎಸ್‌ಬಿ 3.0 ಪೆನ್‌ಡ್ರೈವ್ ಹಳೆ 2.0 ಪೋರ್ಟಿನಲ್ಲೂ ನಡೆಯುತ್ತದೆ, ಆದರೆ 2.0 ವೇಗದಲ್ಲೇ. ಅಲ್ಲಿ ಸೆಕೆಂಡಿಗೆ 480 ಮೆಗಾಬಿಟ್‌ಗಿಂತ ಮೇಲೆ ಹೋಗಲು ದಾರಿಯೇ ಇಲ್ಲ. ಸುಮ್ನೆ ವೇಗಕ್ಕೆ ದುಡ್ಡು ಸುರಿಯಬೇಡಿ. ವಿಂಡೋಸ್ 7 ಕಂಪ್ಯೂಟರಿನ ನೀಲಿ ಪೋರ್ಟಿನಲ್ಲಿ (ಸಾಮಾನ್ಯವಾಗಿ ಅದು 3.0) ಏನೂ ಕಾಣದಿದ್ದರೆ ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಹಾಕಿರದೆ ಇರಬಹುದು, ಕಪ್ಪು ಪೋರ್ಟಿಗೆ ಹಾಕಿ ನೋಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಈ ಮಕ್ಕಳಿಗೆ ಬೇಡವೇ ಬೇಡ. 2.0 ಪೋರ್ಟ್ ಕೊಡುವ 500 ಮಿಲಿಆಂಪ್ ಕೆಲವಕ್ಕೆ ಸಾಲದೆ ಟಿಕ್ ಟಿಕ್ ಅನ್ನುತ್ತಾ ಕೂರುತ್ತವೆ.

ನನಗೆ ಬೇಜಾರು ಆಗುವುದು ಜಿಬಿ ಕೇಳುತ್ತಾರೆ ಅಂತ ಅಲ್ಲ. "ಸರ್, ಈ ಫೈಲ್ ಇನ್ನೊಂದು ಕಡೆ ಇದ್ದ ಹಾಗೇ ತೆರೆಯುತ್ತಾ?" ಅಂತ ಯಾರೂ ಕೇಳುವುದಿಲ್ಲ ಅಂತ. ಅದನ್ನು ಕೇಳಿದರೆ ನಾನು ಚಹಾ ಕುಡಿಸಿ ಹೇಳಿಕೊಡುತ್ತೇನೆ.

ಕನ್ನಡ ಎಂಎ ಮಕ್ಕಳು ಲ್ಯಾಬಿನಲ್ಲಿ ಹಳೆ ನುಡಿ ಫಾಂಟಿನಲ್ಲಿ ರಾತ್ರಿ ಹಗಲು ಟೈಪ್ ಮಾಡುತ್ತಾರೆ. ಅದೇ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಕನ್ನಡ ಅಕ್ಷರವೂ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕೆ ಗೀಟು ಹೊತ್ತ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. 256 ಜಿಬಿ ಇದ್ದರೆ ಇದು ಸರಿ ಹೋಗುತ್ತಾ? ಟೈಪ್ ಮಾಡುವಾಗಲೇ ಯೂನಿಕೋಡ್ ಬಳಸಿ, ಅದು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಆಗಲೇ ಆಗಿಹೋಗಿದ್ದರೆ, ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು, ಅದನ್ನೂ ಮೂಲ ಫೈಲನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಆಫೀಸ್ 2003 ಇರುವ ಕಡೆ ಡಾಕ್ಸ್ ಫೈಲ್, ಅಂದರೆ ಹೊಸ ವರ್ಡ್‌ನಲ್ಲಿ ಮಾಡಿದ್ದು, ಹಾಗೇ ತೆರೆಯುವುದಿಲ್ಲ, ಅಲ್ಲೂ ಪಿಡಿಎಫ್ ಕೈ ಹಿಡಿಯುತ್ತದೆ.

ಜೆರಾಕ್ಸ್ ಅಂಗಡಿಯಿಂದ ಬಂದ ಮೇಲೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಹೆದರಬೇಡಿ. ಆ ವೈರಸ್ ಸಾಮಾನ್ಯವಾಗಿ ಫೈಲ್ ಅಳಿಸಿರುವುದಿಲ್ಲ, ಬಚ್ಚಿಟ್ಟಿರುತ್ತದೆ. ಶಾರ್ಟ್‌ಕಟ್ ಒತ್ತಬೇಡಿ, ಫಾರ್ಮ್ಯಾಟ್ ಮಾಡಬೇಡಿ, ನನ್ನ ಹತ್ತಿರ ತನ್ನಿ. ಎರಡು ಪೆನ್‌ಡ್ರೈವ್ ಅಂದದ್ದು ಇದಕ್ಕೇ. ಒಂದು ಊರೆಲ್ಲ ಸುತ್ತಲಿ. ಇನ್ನೊಂದು ಮನೆ ಬಿಟ್ಟು ಹೊರಗೆ ಹೋಗಬಾರದು. ಎರಡನೆಯದಕ್ಕೆ ದುಡ್ಡಿಲ್ಲ ಅಂದರೆ ದಿನಾ ಸಂಜೆ ಫೈಲನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ, ಅದಕ್ಕೆ ಖರ್ಚಿಲ್ಲ.

ಕೊನೆಗೆ, 2 ಟಿಬಿ ಪೆನ್‌ಡ್ರೈವ್ ಐನೂರು ರೂಪಾಯಿಗೆ ಸಿಕ್ಕಿತು ಎಂದು ಫೋಟೋ ಕಳಿಸುವವರಿಗೆ. ಅದು ಮೋಸ. ಒಳಗೆ ಇರುವುದು ಚಿಕ್ಕ ಚಿಪ್, ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುತ್ತದೆ. ಜಾಗ ಮುಗಿದ ಮೇಲೆ ಹಾಕಿದ ಫೈಲ್‌ಗಳು ಹೆಸರಿಗೆ ಮಾತ್ರ ಕಾಣುತ್ತವೆ, ತೆರೆಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಇದೆ, ಪೆನ್‌ಡ್ರೈವ್ ಪೂರ್ತಿ ತುಂಬಿಸಿ, ವಾಪಸ್ ಓದಿ ನೋಡುತ್ತದೆ. ಯಾವ ಬ್ರ್ಯಾಂಡ್ ತಗೊಂಡರೂ ಬಿಲ್ ಇಸ್ಕೊಳ್ಳಿ. ಒಂದೇ ಒಂದು ಫೈಲ್ ಹಾಕುವ ಮೊದಲು ಈ ಪರೀಕ್ಷೆ ಮಾಡಿ. ಮಾಡಲು ಬರದಿದ್ದರೆ ಲ್ಯಾಬಿಗೆ ಬನ್ನಿ, ನಾನೇ ಮಾಡಿಕೊಡುತ್ತೇನೆ.