ಎಂಜಿನ್ ಆಮೇಲೆ ನೋಡೋಣ, ಮೊದಲು ಬಾಡಿ ತೋರಿಸಿ

ಗೋಥೆನ್‌ಬರ್ಗ್‌ನಲ್ಲಿ ಹಳೇ ವೋಲ್ವೋ ಕಾರುಗಳ ಗ್ಯಾರೇಜೊಂದರಲ್ಲಿ ನನ್ನ ಕೆಲಸ. ರಿಪೇರಿಗೆ ಎಸ್ಟಿಮೇಟ್ ಬರೆಯುವುದು ನನ್ನ ಪಾಲಿಗೆ ಬಂದಿದೆ. ಕೂಪೆ, ಅಂದರೆ ಎರಡು ಬಾಗಿಲಿನ ಕಾರು, ತಂದವರು ಸಾಮಾನ್ಯವಾಗಿ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿಸುತ್ತಾರೆ. ಸದ್ದು ಚೆನ್ನಾಗಿಯೇ ಇರುತ್ತದೆ. ದುಡ್ಡು ಹೋಗುವುದು ಬೇರೆ ಕಡೆ.

1961ರಲ್ಲಿ ಬಂದ ವೋಲ್ವೋ ಕೂಪೆ ಪಿ1800 ತಗೊಳ್ಳಿ. ಪೆಲ್ಲೆ ಪೆಟ್ಟರ್ಸನ್ ಬಿಡಿಸಿದ ಆ ಚೆಲುವಿನ ಒಳಗೆ ಇರುವುದೆಲ್ಲ ಅಮೆಜಾನ್ ಅನ್ನೋ ಫ್ಯಾಮಿಲಿ ಕಾರಿನ ಸಾಮಾನು. ಬಿ18 ಎಂಜಿನ್, 1.8 ಲೀಟರ್, ಕ್ರ್ಯಾಂಕ್‌ಶಾಫ್ಟ್ ಹೊತ್ತು ನಿಲ್ಲಲು ಐದು ಮೇನ್ ಬೇರಿಂಗ್. ಸುಮ್ನೆ ಸಾಯುವ ಜಾತಿಯಲ್ಲ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟಿನ ಫೈಬರ್ ಗೇರ್ ಹಲ್ಲು ಉದುರುವುದುಂಟು. ಲೋಹದ್ದು ಹಾಕಿದರೆ ಆಯಿತು, ಸದ್ದು ಸ್ವಲ್ಪ ಜಾಸ್ತಿ, ಅಷ್ಟೆ.

ಕಷ್ಟವೆಲ್ಲ ಬಾಗಿಲ ಕೆಳಗಿನ ಸಿಲ್‌ನಲ್ಲಿ. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿದು ಉದ್ದಕ್ಕೂ ಎಳೆಯುತ್ತೇನೆ. ಎಲ್ಲಿ ಅಂಟದೆ ಜಾರಿತೋ ಅಲ್ಲಿ ಪುಟ್ಟಿ ಮೆತ್ತಿದ್ದಾರೆ, ಅದರ ಹಿಂದೆ ತುಕ್ಕು. ಸಿಲ್ ಅಂದರೆ ಒಂದೇ ತಗಡಲ್ಲ, ಒಳಗೆ ಇನ್ನೂ ಪದರಗಳಿವೆ. ಅದರ ತುದಿ ಮುಂದಿನ ಫೆಂಡರ್ ಹಿಂದೆ ಹೋಗಿ ಕೂತಿದೆ. ಬೋಲ್ಟ್ ಬಿಚ್ಚಿ ಫೆಂಡರ್ ತೆಗೆಯೋಣ ಅಂದರೆ ಅದೂ ವೆಲ್ಡಿಂಗ್! ಕೆಳಭಾಗ ಕತ್ತರಿಸಲೇಬೇಕು. ಅದಕ್ಕೂ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಬಾಡಿ ಕುಸಿದು, ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಎಸ್ಟಿಮೇಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಟಿಂಕರಿಂಗ್ ಕೂಲಿಯೇ. ಆದರೂ ಹೊಸ ತಗಡು ಇವತ್ತಿಗೂ ಸಿಗುತ್ತದೆ, ಅನ್ನೋದು ಸಮಾಧಾನ.

ವೋಲ್ವೋದ ಇನ್ನೊಂದು ಕೂಪೆ 780 ಬಂದರೆ ಲೆಕ್ಕ ಉಲ್ಟಾ. 1985ರ ಜಿನೀವಾ ಮೋಟಾರ್ ಶೋದಲ್ಲಿ ತೋರಿಸಿದ ಕಾರು ಇದು. ಇಟಲಿಯ ಟ್ಯೂರಿನ್‌ನಲ್ಲಿ ಬೆರ್ಟೋನೆ ಕಂಪನಿ ಕಟ್ಟಿದ್ದು. ಪಿ1800ಗಿಂತ 20 ವರ್ಷಕ್ಕೂ ಹೆಚ್ಚು ಚಿಕ್ಕದು, ಹಾಗಾಗಿ ರಿಪೇರಿ ಸುಲಭ ಅಂತ ಮಾಲೀಕರ ನಂಬಿಕೆ. ಎಂಜಿನ್, ಬ್ರೇಕ್, ಸಸ್ಪೆನ್ಷನ್ ವಿಷಯದಲ್ಲಿ ಅವರ ಮಾತು ನಿಜ, ಯಾಕಂದ್ರೆ ಅವು ಬಹುತೇಕ 760 ಸೆಡಾನಿನವು. ಹೊರಗಿನ ತಗಡು, ಹಿಂದಿನ ದೀಪ, ಒಳಗಿನ ಮರದ ಪಟ್ಟಿ ಮಾತ್ರ 780ಗೆ ಅಂತಲೇ ಮಾಡಿದವು. 1990ರವರೆಗೆ ತಯಾರಾದದ್ದೇ 8,518 ಕಾರು. ಪಿ1800 ಕೂಪೆ 39 ಸಾವಿರಕ್ಕೂ ಹೆಚ್ಚು ತಯಾರಾಗಿತ್ತು. ಇಷ್ಟು ಕಡಿಮೆ ಕಾರಿಗೆ ಯಾರು ಹೊಸದಾಗಿ ಅಚ್ಚು ಹಾಕಿ ದೀಪ ಮಾಡ್ತಾರೆ, ಹೇಳಿ? ತಗಡಾದರೆ ಬಡಿದು ಬಗ್ಗಿಸಬಹುದು. ಒಡೆದ ದೀಪದ ಗಾಜನ್ನು ಯಾವ ಮೇಸ್ತ್ರಿಯೂ ಬಡಿದು ಕೂಡಿಸಲಾರ.

ಅದಕ್ಕೇ ಈಗ ಪಿ1800 ಬಂದರೆ ಮೊದಲು ಲಿಫ್ಟ್ ಮೇಲೆ ಏರಿಸುತ್ತೇನೆ. 780 ಬಂದರೆ ಒಂದು ಸುತ್ತು ಹಾಕಿ ಒಡೆದದ್ದು, ಕಳೆದದ್ದು ಬರೆದುಕೊಳ್ಳುತ್ತೇನೆ. ಆ ಪಾರ್ಟ್ಸ್ ಎಲ್ಲಾದರೂ ಇದೆಯಾ ಅಂತ ಗುಜರಿಯವರಿಗೆ ಫೋನ್ ಮಾಡಿ ತಿಳಿಯುವ ತನಕ ರೇಟ್ ಹೇಳುವುದಿಲ್ಲ. ಗಿರಾಕಿ ಸ್ವಲ್ಪ ಸಿಡಿಮಿಡಿ ಮಾಡುತ್ತಾರೆ, ಮಾಡಲಿ.